ಸೂರ್ಯನ ಬೂದಿ ಎಲ್ಲಿ ಹೋಗುತ್ತದೆ?

ನಿವೃತ್ತನಾದ ಪ್ರತಿಯೊಬ್ಬನಿಗೂ ತಾನು ಒಂದು ವಿಷಯದಲ್ಲಾದರೂ ಪಂಡಿತ ಎಂಬ ಭ್ರಮೆ ಇರಬೇಕು. ಇಲ್ಲದಿದ್ದರೆ ಮನೆಯಲ್ಲಿ ಎರಡನೆಯ ಸಲ ಚಹಾ ಕೇಳುವ ಧೈರ್ಯವೇ ಬರುವುದಿಲ್ಲ. ನನ್ನ ವಿಷಯ ಬೂದಿ. ನಗಬೇಡಿ. ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಸ್ಥಾವರದಲ್ಲಿ ನಾನು ಇಡೀ ನೌಕರಿಯನ್ನು ಬೂದಿ ವಿಭಾಗದಲ್ಲೇ ಕಳೆದವನು. ಬಾಯ್ಲರಿನವರು ಮೀಸೆ ತಿರುವುತ್ತಿದ್ದರು, ಟರ್ಬೈನಿನವರು ಇಸ್ತ್ರಿ ಅಂಗಿ ತೊಟ್ಟು ಓಡಾಡುತ್ತಿದ್ದರು. ಅವರೆಲ್ಲ ಮಾಡಿ ಬಿಟ್ಟದ್ದನ್ನು ಸಾಗಿಸುವುದು ನಮ್ಮ ಪಾಲು. ಹೆಂಡತಿಯ ತವರು ಗಬ್ಬೂರಿನಲ್ಲಿ "ನಿಮ್ಮ ಅಳಿಯಂದಿರು ಏನ್ ಕೆಲಸ ಮಾಡ್ತಾರ?" ಎಂದು ಯಾರಾದರೂ ಕೇಳಿದರೆ ನಮ್ಮತ್ತೆ "ಕರೆಂಟ್ ಮಾಡ್ತಾರ" ಎಂದಷ್ಟೇ ಹೇಳಿ ಥಟ್ಟನೆ ಮಳೆಯ ಮಾತು ತೆಗೆಯುತ್ತಿದ್ದರು.

ಇಂಥವನ ರಾಯಚೂರಿನ ಮನೆಗೆ ಸೊಸೆಯಾಗಿ ಬಂದವಳು ದೇವದುರ್ಗದ ಸುಮಂಗಲಾ. ಮಾನ್ವಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾಳೆ. ಈ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸೋಲಾರ್ ಹಾಕಿಸೋಣ ಎಂದಳು. ಮಗ ಒಪ್ಪಿದ, ಹೆಂಡತಿಯೂ ಒಪ್ಪಿದಳು. ನನಗೆ ಮಾತ್ರ ಎದೆಯೊಳಗೆ ಚುರ್ ಎಂದಿತು. ಕಲ್ಲಿದ್ದಲಿಲ್ಲದೆ, ಬೂದಿಯಿಲ್ಲದೆ, ನಮ್ಮ ಮನೆಯ ನೆತ್ತಿಯ ಮೇಲೇ ಸುಮ್ಮನೆ ಕರೆಂಟು ಬರುವುದಾದರೆ ನಾನು ಅಷ್ಟು ವರ್ಷ ಮೂಗಿಗೆ ವಸ್ತ್ರ ಕಟ್ಟಿಕೊಂಡು ಮಾಡಿದ್ದೇನು? ಇದನ್ನು ಬಾಯಿಬಿಟ್ಟು ಹೇಳಿದರೆ ನಗೆಪಾಟಲು. ಆದ್ದರಿಂದ ಒಂದು ತಾಂತ್ರಿಕ ತಕರಾರು ತೆಗೆದೆ.

"ಸೂರ್ಯನೂ ಒಂದು ದೊಡ್ಡ ಬಾಯ್ಲರ್ ಅಲ್ಲೇನವಾ? ಉರಿ ಅಂದಮ್ಯಾಲ ಬೂದಿ ಇರಾಕಬೇಕು. ಅಷ್ಟು ಬೂದಿ ಎಲ್ಲಿ ಹೋಗ್ತದ? ಇದಕ್ಕ ಜವಾಬು ಹೇಳು, ನಾಳೆನೇ ಸೋಲಾರ್ ಹಾಕ್ಸು."

ನಗುತ್ತಾಳೆ, ಮಾತು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ಅವತ್ತು ಭಾನುವಾರ, ಮಂಡಕ್ಕಿ ನೆನೆಸಿ ಮಾಡಿದ ಮಂಡಾಳು ಒಗ್ಗರಣೆಯ ತಟ್ಟೆ ನನ್ನ ಮುಂದಿಟ್ಟು ತಾನೂ ಎದುರಿಗೆ ಕೂತಳು.

"ಮಾವಾರ, ಭಾಳ ಚಲೋ ಪ್ರಶ್ನಿ ಕೇಳಿದ್ರಿ. ನಮ್ಮ ಹುಡುಗರೂ ಕೇಳಿಲ್ರಿ ಇದನ್ನ. ಮದಲಿಗೆ, ಅಲ್ಲಿ ಒಲಿ ಉರಿದಂಗ ಉರಿಯೋದಿಲ್ಲ. ಸೂರ್ಯ ತನ್ನ ಭಾರಕ್ಕ ತಾನ ಒಳಗ ಕುಸಿಯಾಕ ನೋಡ್ತಾನ. ಆ ಒತ್ತಡಕ್ಕ ನಟ್ಟನಡುವಿನ ಹೈಡ್ರೋಜನ್ ಕಾದು ಕಾದು, ಒಂದಕ್ಕೊಂದು ಬಡದು, ಕೂಡಿ ಹೀಲಿಯಂ ಆಗ್ತದ. ಕೂಡುವಾಗ ತೂಕ ಒಂಚೂರು ಕಡಿಮಿ ಬೀಳ್ತದ. ಆ ಕಡಿಮಿ ಬಿದ್ದ ತೂಕನ ಬೆಳಕು, ಶಾಖ ಆಗ್ತದ. ಅದು ಹೊರಗ ಒತ್ತಿ ಸೂರ್ಯ ಕುಸಿಯದಂಗ ಹಿಡಿತದ."

"ಎಷ್ಟು ಕಡಿಮಿ ಬೀಳ್ತದವಾ?"

"ಸೆಕೆಂಡಿಗೆ ಸುಮಾರು ನಲವತ್ತು ಲಕ್ಷ ಟನ್ ರೀ."

ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಂತಿತು. ನಮ್ಮಲ್ಲಿ ಕಲ್ಲಿದ್ದಲಿನ ಒಂದು ಗೂಡ್ಸ್ ರೈಲು ತಡವಾದರೆ ಸಾಹೇಬರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು. ಇಲ್ಲಿ ನೋಡಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೂರಾರು ರೈಲಿನ ತೂಕ ಬರೀ ಬೆಳಕಾಗಿ ಹೋಗುತ್ತಿದೆ. ರಜೆಯಿಲ್ಲ, ಪಾಳಿ ಬದಲಾವಣೆಯಿಲ್ಲ, ಬಾಯ್ಲರ್ ತಪಾಸಣೆಯಿಲ್ಲ. ಹೀಗೇ ಇನ್ನೂ ಐನೂರು ಕೋಟಿ ವರ್ಷ ನಡೆಯುತ್ತದಂತೆ. ಯಪ್ಪಾ ಶಿವನೇ, ಮಾರ್ಚ್ ಬಂತೆಂದರೆ ಇಂಥವನನ್ನು ನಾವು ರಾಯಚೂರಿನವರು ಬಾಯಿಗೆ ಬಂದಂತೆ ಬೈಯುತ್ತೇವಲ್ಲ!

ನಕ್ಷತ್ರಗಳಲ್ಲಿ ನೀಲಿಯವು ಬಹಳ ಬಿಸಿ, ಕೆಂಪಗಿನವು ಅಷ್ಟಿಲ್ಲ ಎಂದಳು. ಕುಲುಮೆಯ ಕಿಂಡಿಯಲ್ಲಿ ಉರಿಯ ಬಣ್ಣ ನೋಡಿ ಶಾಖ ಹೇಳುತ್ತಿದ್ದವರ ಜೊತೆ ದುಡಿದ ನನಗೆ ಇದು ಥಟ್ಟನೆ ತಿಳಿಯಿತು. ಬಲು ದೊಡ್ಡ ನಕ್ಷತ್ರಗಳು ಧಗಧಗ ಉರಿದು ಲಗೂನೇ ಮುಗಿದು ಹೋಗುತ್ತವಂತೆ. ಆಗ ನನಗೆ ಬಾಯ್ಲರಿನವರ ನೆನಪಾಗಿ ಸ್ವಲ್ಪ ಸಮಾಧಾನವೂ ಆಯಿತು.

"ಅದೆಲ್ಲ ಇರಲಿ ಬೇ, ಬೂದಿ?" ಎಂದೆ. ನಾನೇನು ಪಟ್ಟು ಬಿಡುವವನಲ್ಲ.

"ಹೀಲಿಯಂ ಅಂದ್ನಲ್ಲ, ಅದ ಬೂದಿ ಮಾವಾರ. ಅಲ್ಲೇ ನಡುವ ಬಿದ್ದಿರ್ತದ."

"ಎತ್ತೋರಿಲ್ಲೇನು?" ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಎತ್ತೋದು ಬ್ಯಾಡ್ರಿ. ನಡುವಿನ ಹೈಡ್ರೋಜನ್ ತೀರಿದ ಮ್ಯಾಲ ಆ ಬೂದಿನ ಉರುವಲಾಗ್ತದ. ಹೀಲಿಯಂ ಕೂಡಿ ಇಂಗಾಲ ಆಗ್ತದ. ನಮ್ಮ ಸೂರ್ಯಂದು ಹೆಚ್ಚುಕಡಿಮಿ ಅಲ್ಲಿಗೇ ಮುಗೀತು. ದೊಡ್ಡ ನಕ್ಷತ್ರದಾಗ ಆ ಇಂಗಾಲನೂ ಉರದು, ಅದರ ಬೂದಿನೂ ಉರದು, ಕಬ್ಬಿಣದ ತನಕ ಹೋಗ್ತದ. ಆಮ್ಯಾಲ ನಕ್ಷತ್ರ ಸಿಡದು ಎಲ್ಲಾ ಚೆಲ್ಲಿಬಿಡ್ತದ. ನಮ್ಮ ರಕ್ತದಾಗಿನ ಕಬ್ಬಿಣ, ಎಲುಬಿನಾಗಿನ ಸುಣ್ಣ, ನಿಮ್ಮ ಕಲ್ಲಿದ್ದಲಿನ ಇಂಗಾಲ, ಎಲ್ಲಾ ಹಳೇ ನಕ್ಷತ್ರಗಳ ಬೂದಿನ ರೀ."

ಬೂದಿ ಎಂದರೆ ಕಥೆ ಮುಗಿಯಿತು ಎಂದೇ ಜೀವಮಾನವೆಲ್ಲ ನಂಬಿದ್ದವನು ನಾನು. ಕೈ ತಾನಾಗಿ ಹಣೆಗೆ ಹೋಯಿತು. ಲಿಂಗಪೂಜೆ ಮುಗಿಸಿ ಹಚ್ಚಿಕೊಂಡ ವಿಭೂತಿ ಇನ್ನೂ ಅಲ್ಲಿತ್ತು. ದಿನಾ ಭಕ್ತಿಯಿಂದ ಇದನ್ನು ಹಚ್ಚಿಕೊಂಡು ಹೋಗಿ, ಸಂಜೆಯತನಕ ಬೂದಿಯ ನೌಕರಿ ಸಿಕ್ಕಿತಲ್ಲ ಎಂದು ಹಣೆಬರಹವನ್ನು ಹಳಿಯುತ್ತಿದ್ದೆನಲ್ಲ! ಕಣ್ಣು ತುಂಬಿ ಬಂತು. ಒಗ್ಗರಣೆಯ ಮೆಣಸಿನಕಾಯಿ ಖಾರ ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ. "ಹಾಕ್ಸವಾ ನಿನ್ನ ಸೋಲಾರ್" ಎಂದೆ.

ಜಾಗ ನೋಡುವ ನೆಪ ಮಾಡಿ ಮಟಮಟ ಮಧ್ಯಾಹ್ನ ಮಾಳಿಗೆ ಹತ್ತಿದೆ. ಸೂರ್ಯನ ನಡುವೆ ಹುಟ್ಟಿದ ಶಾಖ ತಡಕಾಡುತ್ತ ಮೇಲಕ್ಕೆ ಬರಲು ಸಾವಿರಾರು ವರ್ಷ ಬೇಕಂತೆ. ಅಲ್ಲಿಂದ ಇಲ್ಲಿಗೆ ಎಂಟೇ ನಿಮಿಷ. ರಾಯಚೂರು ಎಂಬ ಊರೇ ಇಲ್ಲದಾಗ ಹೊರಟದ್ದು ಈಗ ನನ್ನ ಬೋಳುತಲೆಯ ಮೇಲೆ ಬಂದು ಇಳಿಯುತ್ತಿತ್ತು. ಕೈಮುಗಿದವನಿಗೆ ಕೈ ಬಿಡಲು ಮನಸ್ಸಾಗಲಿಲ್ಲ, ಅಂಗಾಲು ಚುರುಗುಟ್ಟುವುದೂ ತಿಳಿಯಲಿಲ್ಲ.

"ಬಿಸಲಾಗ ಏನ್ ಮಾಡಾಕತ್ತೀರಿ?" ಕೆಳಗಿನಿಂದ ಹೆಂಡತಿ ಕೂಗಿದಳು.

"ನಿನಗ ಗೊತ್ತೇನು? ನಾನು ನಕ್ಷತ್ರದ ಬೂದಿ!" ಎಂದು ಎದೆಯುಬ್ಬಿಸಿ ಕೂಗಿದೆ.

"ಇನ್ನೊಂದು ತಾಸು ಅಲ್ಲೇ ನಿಂದರ್ರಿ," ಎಂದಳು, "ಪೂರಾ ಆಗ್ತೀರಿ."