ಬಿರುಕಿನ ಮೇಲೆ ಜಗತ್ತಿನ ನಕಾಶೆ

ಕೆಲವರಿಗೆ ಕೆಲವು ತೊಂದರೆಗಳು ಬರಲೇಬಾರದು. ಹಲ್ಲಿನ ಡಾಕ್ಟರರು ದವಡೆ ಹಿಡಿದುಕೊಂಡು ಕೂತರೆ, ದರ್ಜಿಯ ಅಂಗಿಯ ಹೊಲಿಗೆ ಬಿಚ್ಚಿದರೆ, ನೋಡಿದವರಿಗೆ ಅಯ್ಯೋ ಅನ್ನಿಸುವ ಮೊದಲು ನಗು ಬರುತ್ತದೆ. ಹಾಗೆಯೇ ಬಿರುಕುಗಳ ಬಗ್ಗೆ ಆರು ವರ್ಷ ಸಂಶೋಧನೆ ಮಾಡಿ ಹೆಸರಿನ ಮುಂದೆ ‘ಡಾಕ್ಟರ್’ ಹಚ್ಚಿಕೊಂಡವನ ಹೊಸ ಮನೆಯ ಗೋಡೆ ಬಿರುಕು ಬಿಡಬಾರದು. ನನ್ನದು ಬಿಟ್ಟಿದೆ. ನಗುವವರು ನಗಲಿ, ಅದನ್ನು ಹೇಗೋ ತಡೆದುಕೊಂಡೇನು. ಆದರೆ ಗೋಡೆ ಒಡೆದ ಮೇಲೆ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನು ನೆನೆದರೆ ಈಗಲೂ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಘನವಸ್ತುಗಳ ಯಂತ್ರಶಾಸ್ತ್ರ ಕಲಿಸುತ್ತೇನೆ. ಹೆಸರು ಕೇಳಿ ಗಾಬರಿಯಾಗಬೇಡಿ. ಯಾವ ವಸ್ತು ಎಷ್ಟು ಭಾರಕ್ಕೆ ಬಾಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಅದು ಸೀಳುವ ಮುಂಚೆಯೇ ಕಂಪ್ಯೂಟರಿನಲ್ಲಿ ಮಾದರಿ ಮಾಡಿ ಹೇಳುವ ವಿದ್ಯೆ, ಅಷ್ಟೇ. ವಿಮಾನದ ರೆಕ್ಕೆ, ಮುರಿದ ಎಲುಬಿಗೆ ಕೂರಿಸುವ ಪಟ್ಟಿ, ಮೊಬೈಲಿನಲ್ಲಿ ಉಬ್ಬುವ ಬ್ಯಾಟರಿ ಎಲ್ಲವೂ ಇದರ ಲೆಕ್ಕಕ್ಕೆ ಬರುತ್ತವೆ. ಪ್ರತಿ ವರ್ಷ ಹೊಸದಾಗಿ ಸೇರಿದವರಿಗೆ ‘ಇಂದಿನ ಸಂಶೋಧನೆ, ಮುಂದಿನ ಅವಕಾಶ’ ಎಂದು ಒಂದು ತಾಸು ಭಾಷಣ ಮಾಡುತ್ತೇನೆ. ಒಮ್ಮೆ ಗುರುಮಠಕಲ್ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಎಲ್ಲಾ ಖರೇರಿ ಸರ, ಇದರಾಗ ನೌಕ್ರಿ ಅದನ್ರಿ?” ಎಂದು ಕೇಳಿದಳು. “ಜಗತ್ತಿನ್ಯಾಗ ಒಡಿಯೋ ಸಾಮಾನು ಇರೋತನಕ ನಮಗ ನೌಕ್ರಿ ಅದವ್ವಾ” ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯನ್ನು ಮನೆಯವರೆಗೂ ಹೊತ್ತು ತಂದು ಹೆಂಡತಿಗೆ ಹೇಳಿದೆ. ಶರಣಮ್ಮ ಸುರಪುರದಲ್ಲಿ ಶಾಲೆಯ ಟೀಚರು. ಯಾರ ಉತ್ತರಕ್ಕೂ ಪೂರ್ತಿ ಅಂಕ ಕೊಟ್ಟವಳಲ್ಲ. “ಮನ್ಯಾಗ ಕಪ್ಪು-ಬಶಿ ತೊಳಿಯೋರು ನೀವ, ಒಡಿಯೋರೂ ನೀವ. ನಿಮ್ಮ ನೌಕ್ರಿಗಿ ಏನೂ ಧೋಕಾ ಇಲ್ಲ ಬಿಡ್ರಿ” ಎಂದಳು.

ಶಹಾಪುರದಿಂದ ಗೋಗಿಗೆ ಹೋಗುವ ರಸ್ತೆಯ ಪಕ್ಕ ಜಾಗ ತೆಗೆದುಕೊಂಡು ಮನೆಗೆ ಕೈ ಹಾಕಿದೆವು. ಕಟ್ಟುವ ಗೌಂಡಿ ಭೀಮಣ್ಣ. ನನಗಿಂತ ಹದಿನೈದು ವರ್ಷ ದೊಡ್ಡವರು, ಹರೆಯದಲ್ಲಿ ಕಾಲುವೆಗೆ ಕಲ್ಲು ಕೂರಿಸಿದವರು. ಬುನಾದಿಗೆ ಗುರುತು ಹಾಕುವ ದಿನ ಒಂದು ಹಿಡಿ ಕರಿ ಮಣ್ಣನ್ನು ಅಂಗೈಯಲ್ಲಿ ಪುಡಿ ಮಾಡಿ ನೋಡಿ, “ಸರ, ಇದು ಎರಿ. ಕೆಳಗ ಗಟ್ಟಿ ಗರಸು ಮಣ್ಣು ಹತ್ತೋತನಕ ತೋಡೂಣ್ರಿ. ಬಾಜೂ ಹೊಲ್ದಾಗ ಕೆನಾಲ್ ನೀರು ಬಿಟ್ಟು ಭತ್ತ ಹಚ್ಯಾರ. ಎರಿ ನೀರು ಕುಡದ್ರ ಉಬ್ತದ, ಗ್ವಾಡಿ ಎತ್ತಿ ಹಾಕ್ತದ” ಎಂದರು. ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಸಿಮೆಂಟ್ ಚೀಲದ ಮೇಲೆ ಲ್ಯಾಪ್‌ಟಾಪ್ ತೆರೆದೆ. ನಮ್ಮ ಮಾದರಿಯಲ್ಲಿ ಅಪಾಯವಿದ್ದ ಕಡೆ ಕೆಂಪು, ಇಲ್ಲದ ಕಡೆ ನೀಲಿ ತೋರುತ್ತದೆ. “ನೋಡ್ರಿ ಭೀಮಣ್ಣ, ಮನಿ ಪೂರಾ ನೀಲಿ. ಮೂರು ಫೂಟ್ ಸಾಕು” ಎಂದೆ. ಅವರು ಬಗ್ಗಿ ಬಹಳ ಹೊತ್ತು ನೋಡಿ, “ಬಣ್ಣ ಚೊಲೋ ಅದರಿ” ಎಂದರು. ಮತ್ತೊಮ್ಮೆ ಗರಸಿನ ಮಾತೆತ್ತಿದರು. ನಾನು, “ನಿಮ್ಮ ಕಾಲದ ಲೆಕ್ಕ ಈಗ ನಡಿಯಂಗಿಲ್ಲ” ಎಂದೆ. ಅವರು ಗುರುತಿನ ದಾರ ಬಿಗಿದರು. ಮೂರು ಫೂಟಿಗೇ ಬುನಾದಿ ತುಂಬಿದರು.

ಎಲ್ಲಿ ತಪ್ಪಿದೆ ಎಂಬುದು ಆಮೇಲೆ ಸಿಕ್ಕಿತು. ಮಣ್ಣಿನ ತೇವ ಎಷ್ಟು ಎಂದು ತುಂಬಲು ಆ ಮಾದರಿಯಲ್ಲಿ ಒಂದು ಚೌಕವಿದೆ. ನಾನು ಹಳೆಯ ವರದಿಯೊಂದರಿಂದ ಅಂಕಿ ತೆಗೆದು ಅಲ್ಲಿ ಹಾಕಿದ್ದೆ. ಅದು ಕಾಲುವೆ ಬರುವ ಮುಂಚಿನ ಅಂಕಿ. ಕಾಲುವೆ ಬಂದ ಮೇಲೆ ನಮ್ಮ ಕಡೆ ಏನೆಲ್ಲ ಬದಲಾಗಿದೆ: ಜೋಳದ ಹೊಲಗಳು ಗದ್ದೆಗಳಾದವು, ರೊಟ್ಟಿಯ ಮನೆಗಳಲ್ಲಿ ಎರಡು ಹೊತ್ತು ಅನ್ನ ಬೇಯತೊಡಗಿತು, ಸೊಳ್ಳೆಗಳಂತೂ ಮೈಕೈ ತುಂಬಿಕೊಂಡವು. ದಿನಾ ಆ ಕಾಲುವೆಯ ಸೇತುವೆ ದಾಟಿ ಕಾಲೇಜಿಗೆ ಹೋಗುವ ನಾನು, ನನ್ನ ಮಾದರಿಯೊಳಗೆ ಮಾತ್ರ ಅದಕ್ಕೆ ಜಾಗ ಕೊಟ್ಟಿರಲಿಲ್ಲ.

ನಾವು ಮನೆ ಹೊಕ್ಕ ಮೇಲೆ ಪಕ್ಕದ ಹೊಲದಲ್ಲಿ ಎರಡನೆಯ ಸಲ ಭತ್ತ ಹಚ್ಚಿದಾಗ ಪಡಸಾಲೆಯ ಕಿಟಕಿಯ ಮೂಲೆಯಿಂದ ದಾರದಷ್ಟು ಗೆರೆ ಹೊರಟಿತು. ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದೆ. ಎರಡು ತಿಂಗಳಲ್ಲಿ ಗೆರೆ ಕ್ಯಾಲೆಂಡರಿನ ಕೆಳಗೆ ಇಣುಕಿತು. ಶರಣಮ್ಮನ ಶಾಲೆಯಿಂದ ಹಳೆಯ ಜಗತ್ತಿನ ನಕಾಶೆ ತರಿಸಿ ಹಾಕಿದೆ. “ಇದು ಇನ್ನೂ ಬೆಳದ್ರ ಏನ್ ಹಾಕ್ತೀರಿ?” ಎಂದಳು. “ಗ್ರಹಗಳ ಪಟ ಅದ ಏನು ನಿಮ್ಮಲ್ಲಿ?” ಎಂದು ಕೇಳಿದೆ. ಅವಳು ನಗಲಿಲ್ಲ. ಭೀಮಣ್ಣನನ್ನು ಕರೆಸಿರಿ ಎಂದು ಎರಡು ಸಲ ಹೇಳಿದಳು. ಯಾವ ಮುಖ ಇಟ್ಟುಕೊಂಡು ಕರೆಸಲಿ?

ಅಷ್ಟರಲ್ಲಿ ನಮ್ಮ ಕಾಲೇಜಿನ ಪಾಟೀಲ ಸರ್ ಮನೆಗೆ ಬಂದರು. ಅವರೂ ಸುರಪುರ ರಸ್ತೆಗೆ ಮನೆ ಕಟ್ಟಿಸುವವರು, ಕೆಲಸವನ್ನು ಭೀಮಣ್ಣನಿಗೇ ಕೊಡಬೇಕೆಂದು ನಿಶ್ಚಯಿಸಿದ್ದವರು. ಕುಳಿತು ಚಹಾ ಕುಡಿಯುತ್ತಿದ್ದಾಗ ಹೋದ ಕರೆಂಟು ಬಂತು, ಫ್ಯಾನು ತಿರುಗಿತು, ನಕಾಶೆ ಮೇಲೆದ್ದಿತು. ಆಫ್ರಿಕಾದ ಹಿಂದೆ ಬೆರಳು ಹೋಗುವಷ್ಟು ಅಗಲದ ಬಿರುಕು. “ಇದೇನ್ ಸರ, ನಿಮ್ಮ ಮನ್ಯಾಗ?” ಎಂದರು ಪಾಟೀಲರು. ಆಗ ಬಂದದ್ದೇ ಆ ಮಾತು. “ಏನ್ ಮಾಡೂದ್ರಿ, ನಮ್ಮ ಗೌಂಡಿ ನಾ ಹೇಳಿದಂಗ ಮಾಡಲಿಲ್ಲ.”

ಹೇಳಿ ಮುಗಿಯುವಷ್ಟರಲ್ಲಿ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪಾಟೀಲರು ತಲೆಯಾಡಿಸಿ ಎದ್ದು ಹೋದರು. ಮುಂದಿನ ವಾರ ಅವರ ಮನೆಯ ಕೆಲಸ ಬೇರೆ ಗೌಂಡಿಯ ಪಾಲಾಯಿತು. ಶರಣಮ್ಮ ಜಗಳವಾಡಲಿಲ್ಲ. “ಭೀಮಣ್ಣಗ ನಾ ಹೇಳಿ ಕಳಿಸೀನಿ. ಐತವಾರ ಬರ್ತಾರ. ಖರೆ ಮಾತು ನೀವ ಹೇಳ್ರಿ” ಎಂದಳು.

ಭಾನುವಾರ ಬಂದರು. ನಾನು ನಕಾಶೆ ಇಳಿಸಿದೆ. ಅವರು ಬಿರುಕಿನಲ್ಲಿ ಬೆರಳಿಟ್ಟು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಗಲೇ ಹೇಳಿದ್ದೆನಲ್ಲ ಎನ್ನುತ್ತಾರೆಂದು ಕಾದೆ. ಅಂದಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ಸುಣ್ಣದ ಕೈ ಒರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಶರಣಮ್ಮನಿಗೂ ಕೇಳದಷ್ಟು ಮೆಲ್ಲಗೆ ಹೇಳಿದರು: “ಸರ, ಯಾರರ ಕೇಳಿದ್ರ ಗೌಂಡಿ ತಪ್ಪು ಅಂದುಬಿಡ್ರಿ. ನೀವು ಹುಡುಗುರಿಗಿ ಇದ ಪಾಠ ಹೇಳೋರು, ನಿಮ್ಮ ಹೆಸರು ಕೆಡಬಾರದು. ಈಗ ಹೆಂಗೂ ನನ್ನ ಕೈಯಾಗ ಕೆಲಸ ಕಡಿಮಿ ಅದ. ಪಾಟೀಲ ಸಾಹೇಬ್ರು ಬ್ಯಾಡ ಅಂದ್ರು, ಯಾಕಂತ ತಿಳೀಲಿಲ್ಲ.”

ಪಾಟೀಲರು ಬೇಡವೆಂದದ್ದು ನನ್ನಿಂದಲೇ ಎಂದಿದ್ದರೆ ಮುಗಿಯುತ್ತಿತ್ತು. ಆದರೆ “ಛೇ, ಛೇ, ನಿಮ್ಮ ಮ್ಯಾಲ ಯಾಕ ಹಾಕ್ಲಿ ಭೀಮಣ್ಣ” ಎಂಬ ಮಾತು ಹೊರಗೆ ಬಂತು.

ಅವರ ಕಣ್ಣು ತುಂಬಿತು. ಎರಡೂ ಕೈ ಮುಗಿದು, “ದೊಡ್ಡ ಮನಸ್ಸು ನಿಮ್ಮದು ಸರ” ಎಂದರು. ಅದಕ್ಕೂ ನಾನು ಇಲ್ಲವೆನ್ನಲಿಲ್ಲ.