ದಾರಿಯಲ್ಲೇ ಇದ್ದ ವಿಯೆನ್ನಾ

ಏಳು ಸಮುದ್ರ, ಏಳು ಕಾಡು ದಾಟಿದರೆ ಒಂದು ಪಟ್ಟಣ. ಆ ಪಟ್ಟಣದಲ್ಲಿ ಒಬ್ಬ ರಾಜ ಮುನಿಸಿಕೊಂಡು ಕೂತಿದ್ದನಂತೆ. ಅಜ್ಜಿಯ ಕತೆಯಲ್ಲಾದರೆ ಮುನಿಸಿಗೆ ಕಾರಣ ಕಳೆದುಹೋದ ಮುತ್ತೋ, ಮಾತು ಬಿಟ್ಟ ಗಿಳಿಯೋ ಇರುತ್ತಿತ್ತು. ನಮ್ಮ ರಾಜನ ಹೆಸರು ಜತ್ತಪ್ಪ, ಊರು ಕುಂಬ್ರ, ಸದ್ಯದ ಠಿಕಾಣಿ ವಿಯೆನ್ನಾದಲ್ಲಿ ಮಗಳು ಪ್ರೀತಿಕಾಳ ಬಾಡಿಗೆ ಮನೆ. ಮುನಿಸಿಗೆ ಕಾರಣ, ತಂಗಿ ಸೀತು ತನ್ನ ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಆಗ ಊರಲ್ಲೇ ಇದ್ದ ಅವರನ್ನು ಫೋನಿನಲ್ಲಿ ಕರೆದದ್ದು.

ಶುಭಕಾರ್ಯಕ್ಕೆ ಮನೆಗೇ ಬಂದು ಹೇಳಬೇಕು. ಫೋನಿನಲ್ಲಿ ಹೇಳಿದರೆ ಅದು ಹೇಳಿಕೆಯಲ್ಲ, ಬರೀ ಸುದ್ದಿ. ಅದರಲ್ಲೂ ಅಣ್ಣ ತಂಗಿಯರದ್ದು ಅಕ್ಕಪಕ್ಕದ ಮನೆ. "ಮಧ್ಯೆ ಇರುದು ಒಂದು ಗೋಡೆ. ಅದಕ್ಕೆ ಸುತ್ತು ಬರ್ಲಿಕ್ಕೆ ಇವಳಿಗೆ ಕಾಲು ನೋವಾ?" ಎಂದು ಆ ದಿನ ಗೇಟಿನ ಹೊರಗೆ ನಿಂತು ಪಾಯಸದ ಪರಿಮಳ ಮಾತ್ರ ಉಂಡು ಹೋದ ಜತ್ತಪ್ಪ, ಮತ್ತೆ ಆ ಮನೆಯ ನೀರು ಮುಟ್ಟಿರಲಿಲ್ಲ.

ಈಗ ಸೀತುವಿನ ಮಗಳು ಯಶ್ಮಿತಾಳ ಮದುವೆ. ಮದುಮಗಳ ಕೈಹಿಡಿದು ಮಂಟಪಕ್ಕೆ ತರಬೇಕಾದವರು ಸೋದರಮಾವ. "ಸಣ್ಣದಿರುವಾಗ ನನ್ನನ್ನು ಹೆಗಲ ಮೇಲೆ ಕೂರಿಸಿ ಶಾಲೆಗೆ ಬಿಟ್ಟದ್ದು ಜತ್ತಪ್ಪ ಮಾವ. ಅವರು ಬಾರದಿದ್ರೆ ನಾನು ಕೋಣೆಯಿಂದ ಹೊರಗೆ ಬರುದೇ ಇಲ್ಲ" ಎಂದು ಹುಡುಗಿ ಈಗಲೇ ಬಾಗಿಲು ಹಾಕುವ ಅಭ್ಯಾಸ ಶುರುಮಾಡಿದ್ದಳು.

ಅವಳ ಅಣ್ಣ ದಿಶಾಂತ್ ಡಬ್ಲಿನ್ನಿನಲ್ಲಿ ನರ್ಸು. ಮದುವೆಗೆ ಹೊರಟವನು ವಿಯೆನ್ನಾದಲ್ಲಿ ವಿಮಾನ ಬದಲಿಸಬೇಕಿತ್ತು. ಬೆಳಗ್ಗೆ ಇಳಿದರೆ ಸಂಜೆ ಹತ್ತುವುದು. ಸೀತುವಿನ ಮುಖ ಅರಳಿತು. "ನಡುವೆ ಇಳಿದು ಮಾವನ ಕೈಗೆ ಮದುವೆ ಕಾಗದ ಕೊಟ್ಟು ಬಾ ಮಗ. ದಾರಿಯಲ್ಲೇ ಉಂಟಲ್ಲ!" ಎಂದಳು, ವಿಯೆನ್ನಾ ಎಂದರೆ ಕುಂಬ್ರದಿಂದ ಪುತ್ತೂರಿಗೆ ಹೋಗುವಾಗ ಬಸ್ಸು ನಿಲ್ಲುವ ಕಟ್ಟೆಯೋ ಎಂಬಂತೆ.

"ಕೊಟ್ಟೇ ಬರ್ತೇನೆ ಅಮ್ಮ" ಎಂದು ಮಾತು ಕೊಟ್ಟದ್ದೇ ತಪ್ಪಾಯಿತು. ಆ ಒಂದು ಹಗಲಿಗೆ ವೀಸಾ ಮಾಡಿಸುವಷ್ಟರಲ್ಲಿ ಅವನ ಚಪ್ಪಲಿ ಸವೆಯಿತು.

ಸೀತುವಿನ ಇನ್ನೊಂದು ಬದಿಯ ನೆರೆಮನೆಯ ಝುಬೈದಾ, ಊರಿನ ಹುಡುಗರನ್ನೆಲ್ಲ 'ಮೋನೇ', ಮಗನೇ, ಎನ್ನುವವಳು, ಫೋನಿನಲ್ಲಿ ತಲೆ ತೂರಿಸಿದಳು. "ಒಬ್ಬನೇ ಹೋಗಿ ಹೇಳುದು ಮರ್ಯಾದೆ ಅಲ್ಲ ಮೋನೇ. ಕಬಕದ ನನ್ನ ತಮ್ಮನ ಮಗ ನವಾಝ್ ಡಬ್ಲಿನ್ನಿನಿಂದ ಅದೇ ವಿಮಾನದಲ್ಲಿ ಬರುದು. ಅವನನ್ನೂ ಕರ್ಕೊಂಡು ಹೋಗು."

ನವಾಝನೂ ವೀಸಾ ಮಾಡಿಸಿಕೊಂಡಿದ್ದ, ಆದರೆ ವಿಯೆನ್ನಾದ ಅರಮನೆ ನೋಡಲು. "ಕಾಗದ ಕೊಡುದು ಐದು ನಿಮಿಷದ ಕೆಲಸ ಮಾರಾಯ, ಮತ್ತೆ ಇಡೀ ಊರು ನೋಡುವಾ" ಎಂದು ದಿಶಾಂತ್ ಅವನನ್ನು ಎಳೆದುಕೊಂಡು ಹೊರಟ. ಇಬ್ಬರೂ ತಪ್ಪು ಟ್ರಾಮು ಹತ್ತಿ ಊರಿನ ಬಾಲದ ತುದಿ ಮುಟ್ಟಿ, ಅಲ್ಲಿಂದ ಬಂದದ್ದರಲ್ಲೇ ವಾಪಸ್ ಬಂದರು. ಅರಮನೆ ಬಲಗಡೆ ಹಾದುಹೋಯಿತು. ನವಾಝ್ ಎಡಗಡೆ ನೋಡುತ್ತಿದ್ದ.

ದಿಶಾಂತ್ ಪ್ರೀತಿಕಾಳಿಗೆ ಫೋನ್ ಮಾಡಿದ.

"ನಾನು ಡ್ಯೂಟಿಯಲ್ಲಿದ್ದೇನೆ. ಅಪ್ಪ ಆ ದೊಡ್ಡ ತೊಟ್ಟಿಲು ಹತ್ತಲಿಕ್ಕೆ ಹೋಗಿದ್ದಾರೆ. ಮತ್ತೆ ದಿಶಾಂತ್, ಒಂದು ವಿಷಯ ಹೇಳ್ಲಿಕ್ಕೆ ಉಂಟು, ಇವತ್ತು ಸಂಜೆ ಅಪ್ಪ..."

"ಮತ್ತೆ ಹೇಳು ಮಾರಾಯ್ತಿ, ಈಗ ಪುರ್ಸೊತ್ತಿಲ್ಲ!" ಎಂದು ದಿಶಾಂತ್ ಫೋನ್ ಕತ್ತರಿಸಿ ಓಡಿದ.

ತೊಟ್ಟಿಲೆಂದರೆ ಮನೆಗಳಷ್ಟು ದೊಡ್ಡ ಕೆಂಪು ಪೆಟ್ಟಿಗೆಗಳನ್ನು ನೇತುಹಾಕಿಕೊಂಡು, ಉಂಡು ಮಲಗಿದ ಯಜಮಾನರಂತೆ ನಿಧಾನ ಮಗ್ಗುಲು ಬದಲಿಸುವ ಚಕ್ರ. ಒಂದು ಪೆಟ್ಟಿಗೆಯ ಕಿಟಕಿಯಲ್ಲಿ ಮಂಕಿ ಕ್ಯಾಪು! ಕುಂಬ್ರದ ಮಂಕಿ ಕ್ಯಾಪು! ಇಬ್ಬರೂ ಹಿಂದಿನ ಪೆಟ್ಟಿಗೆಗೆ ಹಾರಿದರು. ಆಕಾಶದ ಮಧ್ಯೆ ಮಾವ ಅಳಿಯ ಗಾಜಿನ ಆಚೆ ಈಚೆ. ದಿಶಾಂತ್ ಕಾಗದವನ್ನು ಗಾಜಿಗೆ ಒತ್ತಿ ಹಿಡಿದ. ಜತ್ತಪ್ಪ ನೋಡಿದರು, ಬೆನ್ನು ತಿರುಗಿಸಿದರು, ದೂರದ ಇಗರ್ಜಿಯ ಶಿಲುಬೆ ಹೊತ್ತ ಗೋಪುರವನ್ನು ತಾನೇ ಕಟ್ಟಿಸಿದ್ದೆಂಬಂತೆ ಪರೀಕ್ಷಿಸತೊಡಗಿದರು.

ನವಾಝನ ಕೈಯ ವಿಡಿಯೋ ಕಾಲಿನಲ್ಲಿ ಕುಂಬ್ರ ಕುಣಿಯುತ್ತಿತ್ತು. "ಅಣ್ಣ ಕಂಡ್ರು!" ಎಂದು ಸೀತು. "ಬಗ್ಗಿ ನಮಸ್ಕಾರ ಮಾಡು ಮೋನೇ!" ಎಂದು ಝುಬೈದಾ. ದಿಶಾಂತ್ ಅಲ್ಲೇ ಸಾಷ್ಟಾಂಗ ಬಿದ್ದ. ಪೆಟ್ಟಿಗೆಯಲ್ಲಿದ್ದ ಇಬ್ಬರು ಮುದುಕಿಯರು ಪಾಪ, ಹುಡುಗನಿಗೆ ತಲೆ ತಿರುಗಿತೆಂದು ಮುಖಕ್ಕೆ ನೀರು ಹೊಡೆದರು.

ಕೆಳಗಿಳಿದಾಗ ಜತ್ತಪ್ಪ ಕೈಕಟ್ಟಿ ನಿಂತಿದ್ದರು.

"ಆಕಾಶದಲ್ಲಿ ಕಾಗದ ಕೊಡುದಾ? ನಾನೆಂತ ಗರುಡನಾ?"

"ತಪ್ಪಾಯ್ತು ಮಾವ. ಈಗ ತೆಕ್ಕೊಳ್ಳಿ."

"ರಸ್ತೆಯಲ್ಲಿ ಕೊಡ್ಲಿಕ್ಕೆ ಅದೆಂತ ಓಟಿನ ಕಾಗದವಾ? ಮನೆ ಮೆಟ್ಟಿಲಿಗೆ ಬರ್ಬೇಕು."

"ಹೋಗುವಾ ಮಾವ, ಈಗಲೇ ಹೋಗುವಾ."

"ಅದು ಮಗಳ ಮನೆ. ನನ್ನ ಮನೆ ಕುಂಬ್ರದಲ್ಲಿ."

"ನೀವು ಕುಂಬ್ರಕ್ಕೆ ಬರುದು ಯಾವಾಗ ಮಾವ?"

"ಇವತ್ತು ಸಂಜೆಯ ವಿಮಾನ. ಯಾಕೆ, ಪ್ರೀತಿಕಾ ಹೇಳ್ಲಿಲ್ವಾ?"

ನವಾಝ್ ಅಲ್ಲೇ ನೆಲದಲ್ಲಿ ಕೂತುಬಿಟ್ಟ. "ನನ್ನ ಅರಮನೆ!" ಎಂದ.

ವಿಮಾನದಲ್ಲಿ ಮಾವನ ಸೀಟು ಅಳಿಯನ ಪಕ್ಕದಲ್ಲೇ. ಕಾಗದ ಕೊಡಬೇಕಾದವನ ಹೆಗಲಿಗೆ ಕಾಗದ ತೆಗೆದುಕೊಳ್ಳಬೇಕಾದವರು ತಲೆಯಿಟ್ಟು ದೆಹಲಿಯ ತನಕ ಗೊರಕೆ ಹೊಡೆದರು. ಮಂಗಳೂರಿನಿಂದ ಬಂದದ್ದೂ ಒಂದೇ ಕಾರು. ಕಾಗದ ಅಂಗಿಯ ಕಿಸೆಯಲ್ಲಿ ಬೆವರುತ್ತಿತ್ತು.

ಊರು ಮುಟ್ಟಿ ಸ್ನಾನ ಮಾಡಿದ ಮೇಲೆ ಸೀತು, ದಿಶಾಂತ್, ಸಾಕ್ಷಿಗೆಂದು ಝುಬೈದಾ, ಗೋಡೆಗೆ ಸುತ್ತು ಬಂದು ಜತ್ತಪ್ಪನವರ ಮೆಟ್ಟಿಲು ಹತ್ತಿದರು. ಗೋಡೆಯ ಮೇಲೆ ಯಶ್ಮಿತಾಳ ಎರಡು ಕಣ್ಣು ಮಾತ್ರ ಕಾಣುತ್ತಿತ್ತು. ಜಗಲಿಯಲ್ಲಿ ಹಗ್ಗ ಸುತ್ತಿದ, ಚಟ್ನಿ ರುಬ್ಬುವ ಒಂದು ಕಡೆಯುವ ಕಲ್ಲು, ಅದರ ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿ ಕೂತ ಜತ್ತಪ್ಪ. ಮೊದಲು ಬೆಲ್ಲ, ನೀರು ಬಂತು.

"ಓಹೋ, ಅಳಿಯ! ಯಾವಾಗ ಬಂದದ್ದು? ಪ್ರಯಾಣ ಸುಖವಾ?" ಎಂದರು ಜತ್ತಪ್ಪ, ವರ್ಷಗಳ ಮೇಲೆ ಕಂಡವರಂತೆ.

"ಸುಖ ಮಾವ. ಪಕ್ಕದ ಸೀಟಿನವರದ್ದು ಸ್ವಲ್ಪ ಗೊರಕೆ."

ದಿಶಾಂತ್ ಎರಡು ಕೈಯಲ್ಲಿ ಕಾಗದ ಚಾಚಿದ. ಜತ್ತಪ್ಪ ಕೈ ಎತ್ತಿದರು, ಅರ್ಧದಲ್ಲಿ ನಿಲ್ಲಿಸಿದರು. ಗೋಡೆಯ ಮೇಲಿನ ಕಣ್ಣುಗಳು ಅಗಲವಾದವು.

"ಒಂದು ಮಾತಿಗೆ ಹೂಂ ಅನ್ನು, ತೆಕ್ಕೊಳ್ತೇನೆ."

"ಎಂತ ಬೇಕಾದ್ರೂ ಹೂಂ ಮಾವ!"

"ಪ್ರೀತಿಕಾ ವಿಯೆನ್ನಾದಲ್ಲಿ ಸ್ವಂತ ಮನೆ ತೆಕ್ಕೊಂಡಿದ್ದಾಳೆ. ಮದುವೆಯ ಮರುವಾರ ಒಕ್ಕಲು. ಅದಕ್ಕೆ ಮನೆ ಮನೆಗೆ ಹೇಳ್ಲಿಕ್ಕೆಂದೇ ನಾನು ಊರಿಗೆ ಬಂದದ್ದು. ನಾಳೆ ನಿಮ್ಮ ಮೆಟ್ಟಿಲಿಗೂ ಬರ್ತೇನೆ. ನೀನು ಬರ್ಬೇಕು. ಕೈಬೀಸಿಕೊಂಡು ಅಲ್ಲ." ಜತ್ತಪ್ಪ ಕಾಲಿನಿಂದ ಕಡೆಯುವ ಕಲ್ಲನ್ನು ಮೆಲ್ಲಗೆ ತಟ್ಟಿದರು. "ಅವಳಿಗೆ ಮಿಕ್ಸಿಯ ಚಟ್ನಿ ಸೇರುದಿಲ್ಲ. ಇದರ ಗುಂಡುಕಲ್ಲು ನವಾಝ್ ಹಿಡ್ಕೊಳ್ಳಲಿ."

"ಅವನಿಗೆ ನಾನು ಹೇಳ್ತೇನೆ" ಎಂದಳು ಝುಬೈದಾ ಕೂಡಲೇ.

ದಿಶಾಂತ್ ಕಲ್ಲನ್ನು ನೋಡಿದ. ಕಲ್ಲು ಅವನನ್ನು ನೋಡಿತು. ಸೀತು ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತ ಮಗನ ಬೆನ್ನು ಸವರಿದಳು.

"ಹೂಂ ಅನ್ನು ಮಗ. ಹೇಗೂ ದಾರಿಯಲ್ಲೇ ಉಂಟಲ್ಲ!"

"ಹೂಂ" ಎಂದ ದಿಶಾಂತ್.

ಜತ್ತಪ್ಪ ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡರು.