ಮೂರನೇ ಕಪ್‌ಗೆ ಕಾದ ಕುರ್ಚಿ

ದೆವ್ವಕ್ಕೆ ಹೆದರೋಳಲ್ಲ ನಾನು. ಆದರೆ ದೆವ್ವದ ಜೊತೆ ಕೂತು ಫುಟ್‌ಬಾಲ್ ನೋಡಬೇಕಾಗುತ್ತೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ, ವಾನ್ ಅನ್ನೋ ಈ ಪರದೇಶದೂರಲ್ಲಿ ಆ ಬೇಸ್‌ಮೆಂಟು ಬಾಡಿಗೆಗೆ ಖಂಡಿತ ಹಿಡೀತಿರಲಿಲ್ಲ. ಅಲ್ಲಿ ಇದ್ದಷ್ಟು ದಿನವೂ ಒಂದಲ್ಲ ಒಂದು ನಡೀತಾನೇ ಇತ್ತು. ಈಗ ನಗ್ತೀನಿ, ಆಗ ನಕ್ಕಿರಲಿಲ್ಲ.

೧. ಷರತ್ತು

2015ರ ಚಳಿಗಾಲದಲ್ಲಿ ಮನೆ ನೋಡಕ್ಕೆ ಹೋದ್ವಿ. ಓನರ್ ತಾತ ಇಟಲಿಯವರು, ಜೀವಮಾನವೆಲ್ಲ ಈ ಊರಿನ ಮನೆಗಳಿಗೆ ಟೈಲ್ಸ್ ಹಾಕಿದವರು. ತಾವೇ ಮೆಟ್ಟಿಲಿಳಿಸಿ ಕರಕೊಂಡು ಹೋದರು. ಕೆಳಗೆ ಅಡುಗೆಮನೆ, ಪಕ್ಕದಲ್ಲಿ ದೊಡ್ಡ ಟೀವಿ, ಟೀವಿ ಎದುರು ಎರಡು ಮರದ ಕುರ್ಚಿ. ಒಂದರ ಮೇಲೆ ಕಪ್ಪು-ಬಿಳಿ ಪಟ್ಟೆಯ ಸ್ಕಾರ್ಫು. ಸುಸ್ತಾಗಿತ್ತು, ಅದರಲ್ಲಿ ಕೂರಕ್ಕೆ ಹೋದೆ.

"ಅದು ಬೇಡಮ್ಮ. ನನ್ನ ಹೆಂಡತಿ ಕೂರೋದು."

"ಅಯ್ಯೋ, ಸಾರಿ. ಎಲ್ಲಿದ್ದಾರೆ ಅವರು?"

"ಸ್ಮಶಾನದಲ್ಲಿ. ಮ್ಯಾಚ್ ದಿನ ಬರ್ತಾಳೆ."

ತಾತನ ಮುಖದಲ್ಲಿ ತಮಾಷೆಯ ಸುಳಿವೇ ಇಲ್ಲ. ಮ್ಯಾಚ್ ದಿನ ನಾನೂ ಅವಳೂ ಇಲ್ಲಿ ಕೂತು ನೋಡ್ತೀವಿ, ಅದೊಂದೇ ಷರತ್ತು ಅಂದರು. ನಾನು ನಮ್ಮ ಯಜಮಾನರ ಮುಖ ನೋಡಿದೆ, "ನಡಿ, ಹೋಗೋಣ" ಅಂತಾರೇನೋ ಅಂತ. ಆ ಪುಣ್ಯಾತ್ಮ ಗಂಟಲು ಸರಿ ಮಾಡ್ಕೊಂಡು ಕೇಳಿದ್ದು ಒಂದೇ ಪ್ರಶ್ನೆ:

"ಮೇಡಂ ಅಡುಗೆಮನೆ ಉಪಯೋಗಿಸ್ತಾರಾ?"

೨. ಕಿರ್

ತಾತ ತಮ್ಮ ಕ್ಲಬ್ಬಿನ ಹೆಸರು ಬಾಯಿಬಿಟ್ಟು ಹೇಳ್ತಿರಲಿಲ್ಲ. ಹೇಳಿದರೆ ದೃಷ್ಟಿ ತಾಕುತ್ತಂತೆ. ಟುರಿನ್ ಊರಿನ ಆ ಕ್ಲಬ್ಬಿಗೆ ಇಟಲಿಯಲ್ಲಿ 'ಮುದುಕಮ್ಮ' ಅಂತ ಅಡ್ಡಹೆಸರು. ಸ್ಕೂಲು ಹುಡುಗರು ಸೇರಿ ಕಟ್ಟಿದ್ದಂತೆ. ಮೊದಲು ಗುಲಾಬಿ ಶರ್ಟು ಹಾಕ್ತಿದ್ದರು, ಆಮೇಲೆ ಇಂಗ್ಲೆಂಡಿಂದ ಪಟ್ಟೆ ಶರ್ಟು ಬಂತು, ಅದೇ ಗಟ್ಟಿಯಾಯ್ತು. ಇಟಲಿ ಒಳಗೆ ಅವರನ್ನ ಹಿಡಿಯೋರಿಲ್ಲ, ವರ್ಷ ವರ್ಷವೂ ಲೀಗು ಅವರದೇ. ಯುರೋಪಿನ ಕಪ್ ಮಾತ್ರ ಎರಡೇ ಸಲ. ಮೊದಲನೇ ಸಲ ಸ್ಟೇಡಿಯಂನಲ್ಲಿ ಗಲಾಟೆಯಾಗಿ ಜನ ಸತ್ತಿದ್ದರು, ಅದನ್ನ ನೆನೆದರೆ ತಾತ ಶಿಲುಬೆ ಮುಟ್ಟಿಕೊಳ್ಳೋರು. ಎರಡನೇದನ್ನ ಗಂಡ ಹೆಂಡತಿ ಇದೇ ಕುರ್ಚಿಗಳಲ್ಲಿ ಕೂತು ನೋಡಿದ್ದರು. ಅಲ್ಲಿಂದಾಚೆ ಫೈನಲ್‌ಗೆ ಹೋಗೋದು, ಸೋಲೋದು. "ಮೂರನೇದು ನೋಡದೇ ಹೋಗ್ತಿದೀನಲ್ಲ" ಅಂತ್ಲೇ ಆಕೆ ಕಣ್ಣು ಮುಚ್ಚಿದರಂತೆ.

ಅವರ ಕ್ಲಬ್ಬು ಗೋಲು ಹೊಡೆಯೋಕೆ ತುಸು ಮುಂಚೆ ಆ ಖಾಲಿ ಕುರ್ಚಿ ಕಿರ್ ಅನ್ನೋದು. ನಾನು ಕಣ್ಣಾರೆ ಕಂಡಿದ್ದೀನಿ, ಕಿವಿಯಾರೆ ಕೇಳಿದ್ದೀನಿ. ನಮ್ಮ ಯಜಮಾನರು ಇಂಜಿನಿಯರು. "ಕೆಳಗಿಂದ ಹೀಟರ್ ಗಾಳಿ ಬರುತ್ತೆ, ಮರ ಹಿಗ್ಗುತ್ತೆ. ಸೈನ್ಸು ಕಣೇ" ಅಂದರು. ತೋರಿಸೇಬಿಡ್ತೀನಿ ಅಂತ ಒಂದು ಮಧ್ಯಾಹ್ನ ಮ್ಯಾಚ್ ನಡುವೆ ಹೀಟರ್ ಆರಿಸಿ ಬಂದು ಕೂತರು. ಹೊರಗೆ ಹಿಮ. ಮನೆಯೆಲ್ಲ ತಣ್ಣಗಾದ ಮೇಲೆ... ಕಿರ್. ಚೆಂಡು ಇನ್ನೂ ಮೈದಾನದ ಮಧ್ಯದಲ್ಲಿತ್ತು. ತಾತ ಆಗಲೇ ಎರಡೂ ಕೈ ಮೇಲೆತ್ತಿದ್ದರು. ಗೋಲು!

ಯಜಮಾನರು ಎದ್ದು ಹೋಗಿ ಹೀಟರ್ ಹಾಕಿದರು.

"ಯಾಕ್ರೀ, ಸೈನ್ಸು?"

"ಸುಮ್ನಿರೇ. ಪಾಪ, ಅವರಿಗೆ ಚಳಿ ಆಗಬಾರದು."

೩. ಎಡೆ

2017ರಲ್ಲಿ ಕ್ಲಬ್ಬು ಮತ್ತೆ ಯುರೋಪಿನ ಫೈನಲ್ ಮುಟ್ಟಿತು. ಅದೇ ಹೊತ್ತಿಗೆ ವಿಟ್ಬಿ ಅನ್ನೋ ಬೇರೆ ಊರಲ್ಲಿರೋ ತಾತನ ಮಗಳು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು: ಈ ಮ್ಯಾಚ್ ಮುಗಿದ ಮೇಲೆ ಮನೆ ಮಾರಿ ನನ್ನ ಹತ್ರ ಬಾ, ಇನ್ನು ನಿನ್ನೊಬ್ಬನ್ನೇ ಬಿಡಲ್ಲ. ತಾತ ಹೂಂ ಅಂದರು. ಊಟ ಬಿಟ್ಟರು.

"ಗೆದ್ದರೆ ಸ್ಕಾರ್ಫ್ ಅವಳ ಸಮಾಧಿಗೆ ಕಟ್ಟಿ ಹೊರಡ್ತೀನಿ. ಸೋತರೆ? ಅವಳನ್ನ ಇಲ್ಲಿ ಒಬ್ಬಳನ್ನೇ ಬಿಟ್ಟು ಹ್ಯಾಗಮ್ಮ ಹೋಗಲಿ?" ಅಂತ ನನ್ನನ್ನ ಕೇಳಿದರು. ನನಗೆ ಅಳು ಬಂತು.

ಮೈಸೂರಿಂದ ನಮ್ಮತ್ತೆ ಬಂದಿದ್ದರು. ವಿಷಯ ಕೇಳಿ ನನ್ನ ಮೇಲೇ ಎಗರಿದರು. "ಸತ್ತ ಮುತ್ತೈದೆ ಮನೆಗೆ ಬರ್ತಾಳೆ, ಒಂದು ತೊಟ್ಟು ನೀರಿಡಲ್ವಲ್ಲ ನೀವು! ಹಸಿದ ಹೊಟ್ಟೇಲಿ ಯಾರು ಹರಸ್ತಾರೆ?" ಫೈನಲ್ ದಿನ ಮಧ್ಯಾಹ್ನ ಆ ಕುರ್ಚಿ ಮುಂದೆ ಬಾಳೆ ಎಲೆ ಹಾಕಿ ಚಿತ್ರಾನ್ನ, ವಡೆ, ಪಾಯಸ ಬಡಿಸಿ ಎಡೆ ಇಟ್ಟೇಬಿಟ್ಟರು. ತಾತ ನೋಡಿದರು. ಈಗ ನಮ್ಮನ್ನ ಆಚೆ ಹಾಕ್ತಾರೆ ಅಂದ್ಕೊಂಡೆ. ಅವರು ಮೇಲೆ ಹೋಗಿ, ಸಕ್ಕರೆ ಹಾಕದ ಕಾಫಿ ಚಿಕ್ಕ ಪಿಂಗಾಣಿ ಬಟ್ಟಲಲ್ಲಿ ತಂದು ಎಲೆ ಪಕ್ಕ ಇಟ್ಟರು. "ಇದಿಲ್ಲದೆ ಅವಳಿಗಾಗಲ್ಲ."

ಮೊದಲು ಎದುರಿನವರು ಗೋಲು ಹೊಡೆದರು. ಆಮೇಲೆ ಕಿರ್. ನಮ್ಮವನೊಬ್ಬ ಗೋಲಿಗೆ ಬೆನ್ನು ಹಾಕಿ, ಗಾಳಿಯಲ್ಲಿ ಕಾಲೆತ್ತಿ ಹೊಡೆದ ಚೆಂಡು ಬಲೆ ಸೇರಿತು! ತಾತ ಅತ್ತೆಯನ್ನ ತಬ್ಬಿಕೊಂಡರು, ಅತ್ತೆ "ರಾಮ ರಾಮ" ಅಂದರು. ಎರಡನೇ ಅರ್ಧದಲ್ಲಿ ಕುರ್ಚಿ ಸದ್ದೇ ಮಾಡಲಿಲ್ಲ. ಒಂದರ ಹಿಂದೊಂದು ಗೋಲು ತಿಂದು ಸೋತೆವು.

ತಾತ ಟೀವಿ ಆರಿಸಿದರು. ಸ್ಕಾರ್ಫ್ ತೆಗೆಯಕ್ಕೆ ಚಾಚಿದ ಕೈ ಅರ್ಧಕ್ಕೇ ನಿಂತಿತು. ಕಾಫಿ ಬಟ್ಟಲು ಖಾಲಿ! ನಾವ್ಯಾರೂ ಕೂತಲ್ಲಿಂದ ಆ ಕಡೆ ಹೋಗಿರಲಿಲ್ಲ.

ಅತ್ತೆಯ ಕಣ್ಣು ಮಾತ್ರ ಚಿತ್ರಾನ್ನದ ಮೇಲೆ. "ಎಡೆ ಮುಟ್ಟಿಲ್ಲ ನೋಡು. ಏನೋ ಆಸೆ ಉಳಿದಿದೆ." ನಮ್ಮಲ್ಲಿ ಕಾಗೆ ಪಿಂಡ ಮುಟ್ಟದಿದ್ದರೆ, ಸತ್ತವರ ಆಸೆ ನಡೆಸಿಕೊಡ್ತೀವಿ ಅಂತ ಮಾತು ಕೊಡ್ತಾರಲ್ಲ, ಹಾಗೇ ಕುರ್ಚಿ ಮುಂದೆ ಕೂತು ಕೈ ಮುಗಿದರು. "ಏನಮ್ಮಾ ನಿನ್ನಾಸೆ?"

ನಾನು ತಾತನಿಗೆ ಇಂಗ್ಲಿಷಲ್ಲಿ ಹೇಳಿದೆ. "ಮೂರನೇ ಕಪ್" ಅಂದರು, ಉಸಿರಲ್ಲೇ.

"ಆಗಲಿ ತಾಯಿ. ಗೆಲ್ಲಿಸಿಕೊಡ್ತೀವಿ. ಅಲ್ಲೀವರೆಗೂ ನಿನ್ನ ಗಂಡ ಈ ಮನೆ ಬಿಟ್ಟು ಹೋಗಲ್ಲ!"

"ಅಮ್ಮಾ, ಅದು ನೀನು ಮಾತು ಕೊಡೋ ವಿಷಯ ಅಲ್ಲಮ್ಮಾ!" ಯಜಮಾನರು ಕಿರುಚಿದರು.

ಕಿರ್.

ಟೀವಿ ಆರಿತ್ತು. ಅತ್ತೆಯ ಮಾತನ್ನ ನಾನು ತೊದಲುತ್ತ ತಾತನಿಗೆ ಹೇಳಿದೆ. ಅವರು ಕಣ್ಣೊರೆಸಿಕೊಂಡು ನಕ್ಕರು, ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿದರು. "ನಾನು ಬರಲ್ಲ. ಮೈಸೂರಿಂದ ಒಬ್ಬರು ಬಂದಿದ್ದಾರೆ. ಕಪ್ ಗೆಲ್ಲಿಸಿಕೊಡ್ತೀನಿ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟಾಯ್ತು."

ಮಗಳು ಫೋನು ನನಗೆ ಕೊಡಿಸಿದಳು. "ಯಾರ್ರೀ ಅದು? ಹೊಸ ಕೋಚಾ?"

ನಾನು ತಾತನ ಮುಖ ನೋಡಿದೆ, ಖಾಲಿ ಬಟ್ಟಲು ನೋಡಿದೆ, ವಡೆ ಎತ್ತಿಡ್ತಿದ್ದ ಅತ್ತೆಯನ್ನ ನೋಡಿದೆ.

"ಹೌದ್ರೀ" ಅಂದೆ. "ಮೇಡಂ ಒಪ್ಪಿದ್ದಾರೆ."